ಗುರೆಳ್ಳು ತಿಂದ ಗೋಲ್ಡ್‌ಫಿಂಚು

ಮಿಲ್ಪಿಟಾಸ್
೨೬ ಮಾರ್ಚ್ ೨೦೦೦

ಪ್ರೀತಿಯ ಅಕ್ಕನಿಗೆ ವಿಜಿಯ ಶರಣು.

ಇಷ್ಟು ದಿನ ಬರೆಯಲಿಲ್ಲವೆಂದು ಬೈಯಬೇಡ. ಬೈಯುವುದಿದ್ದರೂ ಪೂರ್ತಿ ಓದಿ ಬೈ. ಇಲ್ಲಿ ಎಲ್ಲರೂ ಆರಾಮ. ಇವರು ಹೊಸ ಡಾಟ್‌ಕಾಮ್ ಕಂಪನಿ ಸೇರಿದ್ದಾರೆ. ಅಲ್ಲಿ ಏನು ಮಾರುತ್ತೀರಿ ಎಂದರೆ, "ಅದರದೇ ಮೀಟಿಂಗು ನಡದಾವ" ಅನ್ನುತ್ತಾರೆ!

ನೀನು ಕಳಿಸಿದ ಗುರೆಳ್ಳು ಚಟ್ನಿಪುಡಿಯಾಗಲಿಲ್ಲ ಅಕ್ಕ. ಗಾನವಿ ಎಲ್ಲಾ ಹಕ್ಕಿಗೆ ಹಾಕಿ ಮುಗಿಸಿದಳು. ಶಾಲೆಯಲ್ಲಿ ಒಂದು ಕಾಡುಹೂವನ್ನೂ ಒಂದು ಹಕ್ಕಿಯನ್ನೂ ಹೋಲಿಸಿ ಮಾತಾಡಬೇಕಿತ್ತು. ಹೂವು ಕ್ಯಾಲಿಪ್ಸೋ ಎಂಬ ಕಾಡು ಆರ್ಕಿಡ್. ರೆಡ್‌ವುಡ್ ಮರಗಳ ನೆರಳಲ್ಲಿ ಬೆಳೆಯುತ್ತದೆ, ಗೇಣುದ್ದವೂ ಇಲ್ಲ, ಗುಲಾಬಿ ಬಣ್ಣ. ಹಕ್ಕಿ ಗೋಲ್ಡ್‌ಫಿಂಚು, ಗುಬ್ಬಿಗಿಂತ ಸಣ್ಣದು, ಹೊಟ್ಟೆಗೆ ಅರಿಸಿನ ಬಳಿದ ಹಾಗಿದೆ. ಅದಕ್ಕೆ ಕಾಳು ತರೋಣವೆಂದು ಅಂಗಡಿಗೆ ಹೋದರೆ, ಚೀಲದೊಳಗೆ ನಮ್ಮ ಗುರೆಳ್ಳೇ! "ಚಿಗವ್ವಾ, ಇದು ನಮ್ಮ ಮನ್ಯಾಗ ಐತಲ್ಲ!" ಎಂದು ಮನೆಗೆ ಬಂದವಳೇ ಡಬ್ಬಿಯನ್ನು ಬಾಲ್ಕನಿಯಲ್ಲಿ ಸುರಿದುಬಿಟ್ಟಳು. ನಾನು ಹಣೆ ಚಚ್ಚಿಕೊಂಡೆ. ಮರುದಿನ ನೋಡು, ಹಕ್ಕಿಗಳ ಜಾತ್ರೆ!

ಹೌದು, ಚಿಗವ್ವ. ಹಡೆದ ಮಗಳನ್ನು ನೀನು ನನ್ನ ಉಡಿಯಲ್ಲಿ ಹಾಕಿ ಎರಡು ವರ್ಷವಾದರೂ ನಾನು ಅವಳಿಗೆ ಚಿಗವ್ವನೇ. ಈ ಕೂಸು ನನ್ನ ಹತ್ತಿರ ಬೇರು ಬಿಟ್ಟೀತೇ ಎಂಬುದೊಂದೇ ಚಿಂತೆ ನನಗೆ. ಆ ಆರ್ಕಿಡ್ಡನ್ನು ಕಿತ್ತು ಬೇರೆ ಕಡೆ ನೆಟ್ಟರೆ ಬದುಕುವುದಿಲ್ಲವಂತೆ, ತನ್ನ ಮಣ್ಣೇ ಬೇಕಂತೆ. ಪುಸ್ತಕದಿಂದ ಅದನ್ನು ಅವಳಿಗೆ ಓದಿ ಹೇಳಿದವಳೂ ನಾನೇ.

ಶುಕ್ರವಾರ ಎಲ್ಲ ಮಕ್ಕಳ ತಾಯಿತಂದೆಯರ ಮುಂದೆ ಗಾನವಿ ನಿಂತು ಇಂಗ್ಲಿಷಿನಲ್ಲಿ ಹೇಳಿದಳು: "ಆರ್ಕಿಡ್ಡಿಗೆ ತನ್ನ ಮಣ್ಣು ಬಿಟ್ಟರೆ ಆಗುವುದಿಲ್ಲ. ಫಿಂಚು ಹಾಗಲ್ಲ. ಮಿಲ್ಪಿಟಾಸಿನಲ್ಲಿ ಕೂತು ಧಾರವಾಡದ ಊಟ ಮಾಡುತ್ತದೆ, ನನ್ನ ಹಾಗೆ." ಎಲ್ಲರೂ ನಕ್ಕರು. ಗುರೆಳ್ಳು ಕೊಟ್ಟವರು ಯಾರು ಎಂದು ಟೀಚರು ಕೇಳಿದ್ದಕ್ಕೆ ನನ್ನ ಕಡೆ ಬೆರಳು ಮಾಡಿ, ಕನ್ನಡದಲ್ಲೇ, "ಆಕಿ, ನಮ್ಮವ್ವ" ಅಂದಳು. ಅಕ್ಕಾ, ಮೊದಲ ಸಲ! ಅಲ್ಲೇ ಅತ್ತುಬಿಟ್ಟೆ. ಮನೆಗೆ ಬಂದು ಹೋಳಿಗೆ ಮಾಡಿದೆ.

ಮಾಮಾಗೆ ಶರಣು, ಸಣ್ಣವರಿಗೆ ನನ್ನ ಮುತ್ತು. ನಿನ್ನ ಹೊಟ್ಟೆ ತಣ್ಣಗಿರಲಿ. ಗುರೆಳ್ಳು ಮತ್ತೆ ಕಳಿಸು, ಹಕ್ಕಿಗೂ ಸೇರಿಸಿ.

ನಿನ್ನ
ವಿಜಯಶ್ರೀ

ತಾ.ಕ.: ಹೋಳಿಗೆ ತಿನ್ನುತ್ತ ಗಾನವಿ ಕೇಳಿದಳು: "ನೀ ಅವ್ವ ಆದ ಮ್ಯಾಲೆ, ಧಾರವಾಡದ ಅವ್ವಗ ಏನನ್ನಲಿ? ದೊಡ್ಡವ್ವ ಅನ್ಲ್ಯಾ?" ಅವಳ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದೆ. ಇವತ್ತು ಭಾನುವಾರ, ನನ್ನ ಫೋನಿಗೆ ನೀನು ಕಾಯುತ್ತ ಕೂತಿರುತ್ತೀ. ಅವಳು ಫೋನಿನಲ್ಲಿ ಹಾಗಂದುಬಿಟ್ಟರೆ ಎಂದು ಹೆದರಿ ಮಾಡಲಿಲ್ಲ. ಏನೆಂದು ಕರೆಯಬೇಕು, ನೀನೇ ಬರೆ ಅಕ್ಕ.