ಗುಡುಗಿಗೆ ವೈರ್ ಕಿತ್ತ ಮಾವನಿಗೆ

ಸಕಲಗುಣಸಂಪನ್ನ, ಸಿಡಿಲಮಲ್ಲ, ಪ್ಲಗ್‌ಸಂಹಾರಕ, ಬ್ರಹ್ಮಾವರದ ಉಪಸರ್ವರಾಧೀಶ್ವರ ಶ್ರೀಮಾನ್ ಶಾಮರಾಯ ಮಾವನವರ ಪಾದಾರವಿಂದಗಳಿಗೆ, ಕುಂದಾಪುರದಿಂದ ಅಳಿಯ ಶ್ರೀರಾಮ ಹಲ್ಲು ಕಡಿಯುತ್ತಲೇ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮಾವ, ನನಗೆ ಸಿಟ್ಟು ಬಂದಿದೆ. ನಮ್ಮ ಸಭಾಭವನದ ಬುಕಿಂಗ್ ಎಲ್ಲ ಇಲ್ಲಿನ ಮುಖ್ಯ ಸರ್ವರಿನಲ್ಲಿ ದಾಖಲಾಗುತ್ತದೆ. ಆ ಬುಕಿಂಗ್ ಪಟ್ಟಿಗಳ ಪಡಿಯಚ್ಚು ಕೂಡಲೇ ನಿಮ್ಮ ಆಫೀಸಿನ ಎರಡನೇ ಸರ್ವರಿಗೆ ಬರುತ್ತದೆ. ಇಲ್ಲಿ ಒಂದು ಸಾಲು ಸೇರಿದರೆ ಅಲ್ಲೂ ಸೇರಬೇಕು, ಇಲ್ಲಿ ಅಳಿಸಿದರೆ ಅಲ್ಲೂ ಅಳಿಯಬೇಕು. ಇದನ್ನು ಹೇಳಿಕೊಟ್ಟಾಗ ನೀವು ಹಲಸಿನ ಹಪ್ಪಳ ಮುರಿಯುತ್ತಾ "ಗೊತ್ತಾಯ್ತ್ ಮಾರಾಯ" ಅಂದಿದ್ದಿರಿ. ಎಂತ ಗೊತ್ತಾಗಿತ್ತು?

ಗುಡುಗಿದ ಕೂಡಲೇ ಮಿಕ್ಸಿ, ಟಿ.ವಿ.ಯ ಪ್ಲಗ್ ಕೀಳುವುದು ನಮ್ಮೂರ ಪದ್ಧತಿ, ಒಪ್ಪಿದೆ. ಸರ್ವರ್ ಏನು ಮಿಕ್ಸಿಯೇ? ಕಳೆದ ವಾರ ಕರೆಂಟಿನ ಪ್ಲಗ್ಗಿನ ಜೊತೆ ನೆಟ್ಟಿನ ವೈರನ್ನೂ ಕಿತ್ತಿರಿ. ಮಳೆ ಬಿಟ್ಟ ಮೇಲೆ ಪ್ಲಗ್ ಮಾತ್ರ ಸಿಕ್ಕಿಸಿ, ವೈರನ್ನು ಕಿಟಕಿಯ ಸರಳಿಗೆ ನೇತುಹಾಕಿದಿರಿ. ಪರದೆ ಬೆಳಗಿತು, ಅದರೊಳಗಿನ ಸುದ್ದಿ ಮಾತ್ರ ಗುಡುಗಿನ ಹಿಂದಿನದು. ಸಿಂಚನಕ್ಕನ ಮದುವೆಗೆಂದು ಇಲ್ಲಿ ನಾನು ಸಭಾಭವನ ಕಾದಿರಿಸಿದ್ದು ನಿಮಗೆ ತಲುಪಲೇ ಇಲ್ಲ. ಆ ದಿನ ಖಾಲಿ ಎಂದು ನೋಡಿ, ತಮ್ಮ ಮನೆಯ ಮದುವೆಗೆ ಸಭಾಭವನ ಕೇಳಿ ಬಂದ ಕೊಕ್ಕರ್ಣೆಯವರ ಕೈಗೆ ತೆಂಗಿನಕಾಯಿ ಇಟ್ಟು ಮಾತು ಕೊಟ್ಟಿರಿ. ಅವರು ಕರೆಯೋಲೆಯನ್ನೂ ಅಚ್ಚು ಹಾಕಿಸಿದ್ದಾರೆ.

ಫೋನಿನಲ್ಲಿ ಕೇಳಿದರೆ ನೀವೇ ಜಗಳಕ್ಕೆ ಬಂದಿರಿ: "ಗುಡ್ಗ್ ಬಪ್ಪತಿಗೆ ವೈರ್ ತೆಗಿದೆ ಬಿಡುಕಾತ್ತಾ? ಮಿಷನ್ ಸುಟ್ಟ್ ಹೋರೆ ನಿನ್ನ್ ಅಪ್ಪಯ್ಯ ತಂದ್ ಕೊಡ್ತ್ರಾ?"

ಅಕ್ಕ ಕೂಗಾಡಲಿಲ್ಲ. ಧಾರೆ ಸೀರೆಗೆ ಗೊಂಡೆ ಕಟ್ಟುತ್ತಿದ್ದವಳು ಸೂಜಿ ಕೆಳಗಿಟ್ಟು ಕೇಳಿದಳು: "ನನ್ನ್ ಮದಿ ಎಲ್ಲ್ ಮಾಡುದಾ? ನಿಮ್ಮ್ ಆ ಪೆಟ್ಗಿ ಒಳ್ಗಾ?" ಉತ್ತರ ಕೊಡಬೇಕಾದವರು ನೀವು.

ನಾಳೆಯೇ ಕೊಕ್ಕರ್ಣೆಗೆ ಹೋಗಿ, ಸಭಾಭವನ ಬಿಟ್ಟುಕೊಡಲು ಅವರನ್ನು ಒಪ್ಪಿಸಿ. ಆಗದಿದ್ದರೆ ನಿಮ್ಮ ಅಂಗಳಕ್ಕೆ ಚಪ್ಪರ ಹಾಕಿಸಿ, ಅಕ್ಕನ ಧಾರೆ ಅಲ್ಲೇ ಆಗಲಿ. ಪಂಕಜಾಕ್ಷಿ ಅತ್ತೆ ಆಗಲೇ ಒಪ್ಪಿದ್ದಾರೆ. ನಿಮಗೆ ಇನ್ನೂ ಹೇಳಿಲ್ಲವಂತೆ.

ನಿಮ್ಮ ವೈರುಗಳೆಲ್ಲ ತಮ್ಮ ತಮ್ಮ ತೂತುಗಳಲ್ಲಿ ಚಿರಕಾಲ ನೆಲೆಸಲಿ ಎಂದು ಹಾರೈಸುವ,
ನೊಂದ ಅಳಿಯ
ಶ್ರೀರಾಮ

ಮತ್ತೊಂದು ಮಾತು. ಇಷ್ಟನ್ನೂ ಕೈಯಲ್ಲಿ ಬರೆದು ಬಸ್ಸಿನ ಕಂಡಕ್ಟರ್ ಹತ್ತಿರ ಕೊಡುತ್ತಿರುವುದಕ್ಕೆ ಕಾರಣವಿದೆ. ಮಧ್ಯಾಹ್ನದಿಂದ ಇಲ್ಲಿ ಒಂದೇ ಸಮನೆ ಗುಡುಗು. ಮುಖ್ಯ ಸರ್ವರಿನ ವೈರುಗಳನ್ನೆಲ್ಲ ನಾನೇ ಕಿತ್ತಿಟ್ಟೆ. ಈಗ ಯಾವುದು ಎಲ್ಲಿಯದೆಂದು ತಿಳಿಯುತ್ತಿಲ್ಲ. ಅಕ್ಕನಿಗೆ ಹೇಳಬೇಡಿ.