ಬ್ರೇಕಿನ ಕೆಂಪು ದೀಪ

ಭಾನುವಾರ, ತಾರೀಕು ಹದಿನಾಲ್ಕು

ಇವಳೇ,

ಮನೆಯಲ್ಲಿ ನಾನು ಹೀಗೆ ಕರೆದರೆ ನೀನು ಒಳಗಿನಿಂದ "ಏನ್ರೀ" ಎನ್ನುತ್ತಿದ್ದೆ. ಕಾಗದದಲ್ಲಿ ಹೇಗೆ ಕರೆಯಬೇಕೋ ತಿಳಿಯದೆ ಮೂರು ಹಾಳೆ ಹರಿದು ಹಾಕಿ, ಕೊನೆಗೆ ಹಳೆಯದೇ ವಾಸಿ ಅಂದುಕೊಂಡೆ. ನಾನು ಕ್ಷೇಮ. ನಿನ್ನ ಮಂಡಿ ಈಗ ಎಷ್ಟು ಮಡಚುತ್ತದೆ? ಫೋನ್ ಮಾಡಿದಾಗಲೆಲ್ಲ ಎತ್ತುವುದು ನಿಮ್ಮತ್ತಿಗೆ, "ಮಲಗಿದ್ದಾಳೆ" ಎನ್ನುತ್ತಾರೆ. ಒಂಬತ್ತು ತಿಂಗಳಿಂದ ನಾನು ಫೋನ್ ಮಾಡಿದ ಹೊತ್ತಿಗೇ ನಿನಗೆ ನಿದ್ದೆ ಬರುತ್ತಿದೆ. ಅವರ ಮೇಲೆ ಕೋಪವಿಲ್ಲ, ಪಾಪ, ಹೇಳಿಕೊಟ್ಟದ್ದನ್ನು ಹೇಳುತ್ತಾರೆ.

ಕಾಗದ ತಡವಾಯಿತು, ಕ್ಷಮಿಸು. ವರದಿ ಬಂದ ಮೇಲೆ ಬರೆಯೋಣ ಎಂದು ಕಾದೆ. ಅದು ಬಂದೇ ಹದಿನೆಂಟು ದಿನವಾಯಿತು.

ನಾನು ಬ್ರೇಕ್ ಒತ್ತಿದರೂ ಕಾರು ತಾನಾಗಿ ಮುಂದೆ ನುಗ್ಗಿತು ಎಂದು ಸರ್ಕಾರದ ವಾಹನ ಸುರಕ್ಷತಾ ಇಲಾಖೆಗೆ ದೂರು ಕೊಟ್ಟಿದ್ದೆನಲ್ಲ. ಆ ನಾಲ್ಕು ಪುಟವನ್ನು ಆಸ್ಪತ್ರೆಯ ಬೆಂಚಿನ ಮೇಲೇ ಕೂತು ಬರೆದಿದ್ದೆ. ಯಾರೂ ಬರುವುದಿಲ್ಲ ಬಿಡಿ ಎಂದು ನಿಮ್ಮಣ್ಣ ಅಂದಿದ್ದರು. ಆದರೆ ಬಂದರು. ತನಿಖಾಧಿಕಾರಿ ಒಬ್ಬ ಹೆಂಗಸು, ಜೊತೆಗೊಬ್ಬ ಮೆಕ್ಯಾನಿಕ್. ಶೆಡ್ಡಿನ ಅಗಲ ಅಳೆದರು, ಗೋಡೆಯ ಮೇಲಿನ ಗುರುತು ಅಳೆದರು, ಪೆಡಲ್ಲಿನ ಕೆಳಗಿನ ಮ್ಯಾಟ್ ಎತ್ತಿ ನೋಡಿದರು. ಅವತ್ತು ನಾನು ಹಾಕಿದ್ದ ಚಪ್ಪಲಿಗಳನ್ನೂ ಚೀಲಕ್ಕೆ ಹಾಕಿಕೊಂಡರು. ಎಡಗಾಲಿನದು ಯಾಕೆ ಎಂದರೆ, ಒಂದನ್ನೇ ಇಟ್ಟುಕೊಂಡು ನೀವೇನು ಕುಂಟಾಟ ಆಡುತ್ತೀರಾ ಎಂದು ಆಕೆ ಕೇಳಿದರು. ನೀನು ಅಣ್ಣನ ಮನೆಗೆ ಹೋದ ಮೇಲೆ ಈ ಮನೆಯಲ್ಲಿ ಯಾರಾದರೂ ತಮಾಷೆ ಮಾಡಿದ್ದು ಅದೇ ಮೊದಲು.

ನಮ್ಮ ಪದ್ಧತಿಯನ್ನು ಆಕೆಗೆ ಅರ್ಥ ಮಾಡಿಸುವುದರಲ್ಲಿ ಸುಸ್ತಾಯಿತು. ಶೆಡ್ಡು ಇಕ್ಕಟ್ಟು, ಅದಕ್ಕೆ ನೀನು ಮೊದಲೇ ಇಳಿದು ಒಳಗೆ ಹೋಗಿ, ಎದುರು ಗೋಡೆಗೆ ಬೆನ್ನು ಕೊಟ್ಟು ನಿಂತು ಬನ್ನಿ ಬನ್ನಿ ಎಂದು ಕೈಯಾಡಿಸುತ್ತಿದ್ದದ್ದು, ಅಂಗೈ ಎತ್ತಿದರೆ ನಾನು ನಿಲ್ಲಿಸುತ್ತಿದ್ದದ್ದು, ಹನ್ನೊಂದು ವರ್ಷ ಹಾಗೇ ನಡೆದದ್ದು, ಎಲ್ಲ ಹೇಳಿದೆ. ಪಕ್ಕದಲ್ಲಿ ನಿಂತು ತೋರಿಸಬಹುದಿತ್ತಲ್ಲ ಎಂದರು. ಅವಳಿಗೆ ನನ್ನ ಮುಖ ಕಾಣಬೇಕು, ಇಲ್ಲದಿದ್ದರೆ ನಾನು ಗಮನ ಕೊಡುತ್ತಿದ್ದೇನೋ ಇಲ್ಲವೋ ಗೊತ್ತಾಗುವುದಿಲ್ಲವಂತೆ ಎಂದೆ. ಅದನ್ನೂ ಬರೆದುಕೊಂಡರು.

ಅವತ್ತು ಜಗಳವಾಗಿತ್ತಾ ಎಂದೂ ಕೇಳಿದರು. ಮಾತಿಗೆ ಮಾತು ಬೆಳೆದಿತ್ತು ಎಂದೆ. ಕಣ್ಣು ಮಂಜಾಗುತ್ತಿದೆ, ಇನ್ನು ಕಾರು ಓಡಿಸಬೇಡಿ ಅಂತ ನೀನು. ಕಣ್ಣು ಕಾಣದವನ ಕೈಗೆ ಜನ ಗಡಿಯಾರ ರಿಪೇರಿಗೆ ಕೊಡುತ್ತಾರಾ ಅಂತ ನಾನು. ಶೆಡ್ಡಿನ ಮುಂದೆ ನಿಲ್ಲಿಸಿ "ಇಳಿ" ಎಂದೆನಲ್ಲ, ಆ ದನಿ ನನ್ನ ಕಿವಿಗೇ ಹಿತವಾಗಿರಲಿಲ್ಲ. ಆದರೂ ನೀನು ಇಳಿದು ದಿನದ ಹಾಗೆ ಗೋಡೆಯ ಹತ್ತಿರ ಹೋಗಿ ನಿಂತೆ.

ಇನ್ನು ವರದಿಯ ವಿಷಯ. ಕಾರಿನೊಳಗೆ ಒಂದು ಸಣ್ಣ ಡಬ್ಬಿ ಇರುತ್ತದಂತೆ. ಕಾರು ಎಲ್ಲಾದರೂ ಗುದ್ದಿದರೆ ಅದಕ್ಕೆ ಮುಂಚಿನ ಐದು ಸೆಕೆಂಡನ್ನು ಅರ್ಧರ್ಧ ಸೆಕೆಂಡಾಗಿ ಅದು ಬರೆದಿಟ್ಟುಕೊಳ್ಳುತ್ತದೆ. ಒಟ್ಟು ಹತ್ತು ಸಾಲು. ಬ್ರೇಕ್ ಎಂಬಲ್ಲಿ ಹತ್ತು ಸಾಲಿನಲ್ಲೂ "ಇಲ್ಲ". ಆಕ್ಸಿಲರೇಟರ್ ಎಂಬಲ್ಲಿ ಏಳು ಸಾಲು ಸೊನ್ನೆ, ಕೊನೆಯ ಮೂರು ಸಾಲು ನೂರಕ್ಕೆ ನೂರು. ಕಾರಿನಲ್ಲಿ ದೋಷವಿಲ್ಲ, ಚಾಲಕರು ತಪ್ಪು ಪೆಡಲ್ ಒತ್ತಿದ್ದಾರೆ, ದೂರು ಮುಕ್ತಾಯ.

ನಾನು ಸುಮ್ಮನಿರುವ ಆಸಾಮಿಯೇ? ಮರುದಿನವೇ ಬಸ್ಸು ಹತ್ತಿ ಅವರ ಕಚೇರಿಗೆ ಹೋಗಿ ನಿಮ್ಮ ಡಬ್ಬಿ ಸುಳ್ಳು ಹೇಳುತ್ತಿದೆ ಎಂದು ಕೂಗಾಡಿದೆ. ಆಕೆ ಕುರ್ಚಿ ಎಳೆದು ಕೂರಿಸಿದರು.

"ನೀವು ಸುಳ್ಳು ಹೇಳ್ತಿದ್ದೀರಿ ಅಂತ ನಾನು ಎಲ್ಲೂ ಬರೆದಿಲ್ಲ. ಬ್ರೇಕ್ ಅಂದ್ಕೊಂಡೇ ಒತ್ತಿದ್ರಿ. ಕಾರು ನಿಲ್ಲಲಿಲ್ಲ ಅಂತ ಇನ್ನೂ ಜೋರಾಗಿ ಒತ್ತಿದ್ರಿ, ಅಷ್ಟೇ."

ಅಷ್ಟೇ ಎಂಬುದನ್ನು ಒಪ್ಪಿಕೊಳ್ಳಲು ನನಗೆ ಇಷ್ಟು ದಿನ ಬೇಕಾಯಿತು. ಕಾಲು ನನ್ನದೇ. ನಿನ್ನನ್ನು ಉಳಿಸಿಕೊಳ್ಳಲು ಎಷ್ಟು ಜೋರಾಗಿ ಒತ್ತಿದೆನೋ ಅಷ್ಟೇ ಜೋರಾಗಿ ನಿನ್ನ ಮೇಲೆ ಬಂದೆ. ನೀನು ಪಕ್ಕಕ್ಕೆ ಜಿಗಿದದ್ದರಿಂದ ಒಂದು ಮಂಡಿಗೇ ಮುಗಿಯಿತು. ಮೂರು ಸಾಲು ಎಂದರೆ ಒಂದೂವರೆ ಸೆಕೆಂಡು. ನಲವತ್ತು ವರ್ಷ ಗಡಿಯಾರ ಬಿಚ್ಚಿದವನಿಗೆ ಅದೆಷ್ಟು ಉದ್ದ ಎಂದು ಯಾರೂ ಹೇಳಿಕೊಡಬೇಕಿಲ್ಲ. ಆಸ್ಪತ್ರೆಯಲ್ಲಿ ನಿನಗೆ ಎಚ್ಚರವಾದಾಗ ನನ್ನ ಬಾಯಿಂದ ಬಂದ ಮೊದಲ ಮಾತು "ಕಾರಿನದೇ ತಪ್ಪು" ಎಂದು. ನೋಯುತ್ತಿದೆಯಾ ಎಂದು ಕೇಳಲಿಲ್ಲ. ಆಮೇಲೂ ಕೇಳಿದ ನೆನಪಿಲ್ಲ.

ಕಾರು ಮಾರಿದೆ. ಅಂಗಡಿಗೆ ನಡೆದುಕೊಂಡೇ ಹೋಗುತ್ತೇನೆ. ಸಂಜೆ ಬಂದು ಬೀಗ ತೆಗೆಯುವ ಮುಂಚೆ ಬಾಗಿಲಲ್ಲಿ ಒಮ್ಮೆ ಕೆಮ್ಮುತ್ತೇನೆ. ಸದ್ದಿಲ್ಲದೆ ಒಳಗೆ ಬಂದರೆ ನೀನು ಬೆಚ್ಚಿಬೀಳುತ್ತಿದ್ದೆಯಲ್ಲ, ಆ ಅಭ್ಯಾಸ. ಕೆಮ್ಮಿ, ಒಳಗೆ ಹೋಗಿ, ದೀಪ ಹಾಕುತ್ತೇನೆ. ನಾನು ಒಂಟಿಯಾಗಿದ್ದೇನೆ, ಇವಳೇ. ಇದನ್ನು ನಿಮ್ಮತ್ತಿಗೆಯ ಹತ್ತಿರ ಹೇಳಿ ಕಳಿಸಲಾಗುವುದಿಲ್ಲ.

ವ್ಯಾಯಾಮ ತಪ್ಪಿಸಬೇಡ. ಅಣ್ಣ ಅತ್ತಿಗೆಗೆ ನಮಸ್ಕಾರ ತಿಳಿಸು, ಅವರ ಮಕ್ಕಳಿಗೆ ಆಶೀರ್ವಾದ. ನಿನ್ನ ಕಾಲು ನಿನ್ನನ್ನು ಎಲ್ಲಿಗೆ ಬೇಕೋ ಅಲ್ಲಿಗೆ ಕರೆದೊಯ್ಯುವಂತಾಗಲಿ.

ನಿನ್ನ
ಗಡಿಯಾರದವ

ತಾ. ಕ.: ಮರೆತಿದ್ದೆ ಎಂದರೆ ಸುಳ್ಳು. ಇದನ್ನು ಬರೆಯಲೆಂದೇ ಪೆನ್ನು ಹಿಡಿದದ್ದು. ವರದಿಯ ಕೊನೆಗೆ ನಿನ್ನ ಹೇಳಿಕೆಯ ಜೆರಾಕ್ಸ್ ಇದೆ. ಅವರು ನಿಮ್ಮಣ್ಣನ ಮನೆಗೂ ಬಂದಿದ್ದದ್ದು ನನಗೆ ಗೊತ್ತೇ ಇರಲಿಲ್ಲ. "ಅವರು ಬ್ರೇಕ್ ಒತ್ತಿದ್ದರು, ಹಿಂದುಗಡೆ ಕೆಂಪು ದೀಪ ಹತ್ತಿದ್ದನ್ನು ನಾನೇ ಕಣ್ಣಾರೆ ನೋಡಿದೆ" ಎಂದಿದ್ದೀಯ. ಆ ಸಾಲಿನ ಪಕ್ಕದಲ್ಲಿ ಅಧಿಕಾರಿ ಪೆನ್ಸಿಲಿನಿಂದ ಒಂದು ಚುಕ್ಕಿ ಇಟ್ಟು, ಏನೂ ಬರೆಯದೆ ಬಿಟ್ಟಿದ್ದಾರೆ. ನೀನು ನಿಂತದ್ದು ಕಾರಿನ ಮುಂದೆ. ಅಲ್ಲಿಂದ ಹಿಂದಿನ ದೀಪ ಕಾಣುವುದಿಲ್ಲ. ನನಗೋಸ್ಕರ ಸರ್ಕಾರದ ಮುಂದೆ ಸುಳ್ಳು ಹೇಳಿದವಳು ನನ್ನ ಹತ್ತಿರ ಫೋನಿನಲ್ಲಿ ಒಂದು ಮಾತೂ ಆಡಲಿಲ್ಲ. ಅಲ್ಲಿಂದ ನಿನಗೆ ಕಾಣುತ್ತಿದ್ದದ್ದು ನನ್ನ ಮುಖ ಒಂದೇ, ಆಗತಾನೆ "ಇಳಿ" ಎಂದಿದ್ದ ಮುಖ. ಕೋಪವಿತ್ತು, ಒಪ್ಪುತ್ತೇನೆ. ಆದರೆ ನಾನು ಬೇಕೆಂದೇ ಒತ್ತಿದೆ ಅಂತ ನಿನಗೆ ಅನ್ನಿಸಿತಾ?