ಮಗುಚಿಟ್ಟ ತಗಡು

ಅಪ್ಪ,

ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕಾಗೆಕಾಲು ಗುಬ್ಬಿಕಾಲು ಆಗಿದ್ದರೆ ಬೈಯಬೇಡ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅಕ್ಕನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ನೀನೂ ಇದ್ದ ನಮ್ಮ ಲ್ಯಾಬಿನಲ್ಲಿ ಪಾಸಾದ ಕಾರಿನ ಉಕ್ಕು ಇವತ್ತು ಬೆಳಿಗ್ಗೆ ತಗಡು ಬಾಗಿಸುವ ಪ್ರೆಸ್ಸಿನಲ್ಲಿ ಅಂಚಿನಿಂದಲೇ ಸೀಳಿತು. ಬಾಗಿಲ ಕೆಳಗಿನ ಪಟ್ಟಿ ಅದು, ಪಕ್ಕದಿಂದ ಯಾರಾದರೂ ಗುದ್ದಿದರೆ ಒಳಗಿದ್ದವರನ್ನು ಕಾಯಬೇಕಾದದ್ದು. ಒಂದಲ್ಲ, ಹದಿನಾಲ್ಕು. ವರದಿಯಲ್ಲಿ ಸಹಿ ನನ್ನದು.

ನೀನು ಕಲಿಸಿದಂತೆಯೇ ಮತ್ತೆ ಪರೀಕ್ಷಿಸಿದೆ. ತಗಡಿಗೆ ತೂತು ಹೊಡೆದು, ಕೆಳಗಿನಿಂದ ಶಂಕು ಒತ್ತಿ, ಬಿರುಕು ಬಿಡುವ ಮುನ್ನ ತೂತು ಎಷ್ಟು ಹಿಗ್ಗುತ್ತದೆಂದು ಅಳೆದೆ. ನೂರಕ್ಕೆ ಅರವತ್ತರಷ್ಟು, ಪಾಸಾಗಲು ಬೇಕಾದ್ದಕ್ಕಿಂತ ಜಾಸ್ತಿ. ಬಂಗಾರದಂಥ ಉಕ್ಕು! ಆಮೇಲೆ, ಯಾಕೋ ಏನೋ, ಇನ್ನೊಂದು ತಗಡನ್ನು ಮಗುಚಿಟ್ಟೆ. ತೂತು ಹೊಡೆದಾಗ ಏಳುವ ಚೂಪು ಅಂಚು, ನಾವು ಸದಾ ಕೆಳಗೆ ಮಾಡಿಡುತ್ತಿದ್ದದ್ದು, ಮೇಲೆ ಬಂತು. ಇಪ್ಪತ್ತೆಂಟಕ್ಕೇ ಟಪ್ಪೆಂದು ಬಿರುಕು. ಮೂರು ತಗಡಿನಲ್ಲೂ ಅದೇ ಕಥೆ. ಕೆಳಗಿಟ್ಟರೆ ಶಂಕು ಆ ಅಂಚನ್ನು ತೀಡಿ ನಯ ಮಾಡಿಬಿಡುತ್ತದೆ, ಅಂಕಿ ಸುಳ್ಳೇ ಏರುತ್ತದೆ, ಅಷ್ಟೆ.

ಹಿರಿಯ ಎಂಜಿನಿಯರು, “ನಿಮ್ಮಪ್ಪ ರಿಟೈರ್ ಆಗಿ ಆರಾಮಾಗಿದಾರೆ, ಅವರನ್ನ ಯಾಕಮ್ಮ ಎಳೀತೀಯ? ಮಿಷನ್ ಕೆಟ್ಟಿತ್ತು ಅಂತ ಬರೆದುಬಿಡು,” ಎಂದರು. ನಿನ್ನದು ಗೊತ್ತಿಲ್ಲದೆ ಆದ ತಪ್ಪೆಂದು ತೋರಿಸೋಣವೆಂದು ಹಳೆಯ ರಿಜಿಸ್ಟರ್ ತೆಗೆದೆ. ತೆಗೆಯಬಾರದಿತ್ತು.

ನಾನು ಸೇರುವ ಮುಂಚಿನ ಪ್ರತಿ ಪುಟದಲ್ಲೂ ನಿನ್ನ ದುಂಡು ಅಕ್ಷರ: ‘ಅಂಚು ಮೇಲೆ’. ಸೇರಿದ ಮೂರನೆಯ ದಿನ ಆ ಅಂಚು ಕೈಗವಸು ಹರಿದು ನನ್ನ ಬೆರಳು ಕೊಯ್ದಿತ್ತಲ್ಲ? ನೀನು ಕರವಸ್ತ್ರ ಸುತ್ತಿ, “ಇನ್ಮೇಲೆ ಕೆಳಗೆ ಮಾಡಿ ಇಡು ಕಂದ, ಏನೂ ಆಗಲ್ಲ,” ಎಂದಿದ್ದೆ. ಮರುದಿನದಿಂದ ‘ಅಂಚು ಕೆಳಗೆ’. ಅಂಕಿ ಮೂವತ್ತರಿಂದ ಅರವತ್ತಕ್ಕೆ ಹಾರಿದೆ. ಫೇಲಾಗುತ್ತಿದ್ದ ಉಕ್ಕೇ ಪಾಸಾಗಿದೆ. ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಊಟ ಬಿಟ್ಟು ಅಳೆಯುತ್ತಿದ್ದವನು ನೀನು. ನಿನ್ನ ಕಣ್ಣಿಗೆ ಇದು ಬೀಳಲಿಲ್ಲವೆಂದು ಹೇಗೆ ನಂಬಲಿ?

ಹತ್ತು ವರ್ಷ, ಅಪ್ಪ! ಆ ಉಕ್ಕಿನ ಕಾರುಗಳೆಲ್ಲ ಓಡುತ್ತಿವೆ. ಅಕ್ಕ ಮಕ್ಕಳನ್ನು ಶಾಲೆಗೆ ಬಿಡುವುದೂ ಅಂಥದ್ದರಲ್ಲೇ.

ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟೆ, ನಿನ್ನ ಹೆಸರು, ನನ್ನ ಹೆಸರು ಎರಡನ್ನೂ ಹಾಕಿ. ನಾಳೆ ಹತ್ತು ಗಂಟೆಗೆ ನಿನ್ನನ್ನು ವಿಚಾರಣೆಗೆ ಕರೆಸುತ್ತಾರೆ. ಗೊತ್ತಿರಲಿಲ್ಲ ಎಂದರೆ ಅಲ್ಲಿ ಎಲ್ಲರೂ ನಂಬುತ್ತಾರೆ, ನನ್ನೊಬ್ಬಳನ್ನು ಬಿಟ್ಟು. ಗೊತ್ತಿತ್ತು ಎಂದುಬಿಡು. ಪಕ್ಕದ ಕುರ್ಚಿಯಲ್ಲಿ ನಾನಿರುತ್ತೇನೆ.

ಅಷ್ಟು ಹೇಳುವ ಧೈರ್ಯವನ್ನು ದೇವರು ನಿನಗೆ ಕೊಡಲಿ, ಕೇಳುವ ಧೈರ್ಯವನ್ನು ನನಗೆ.

ನಿನ್ನ ಕಿರಿಮಗಳು